ಹೃದಯದ ನಾಳಕ್ಕೂ ಸಿ.ಟಿ. ಸ್ಕ್ಯಾನ್!

ಹೃದಯದ ರಕ್ತನಾಳದ ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರೆ, ಅದನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿ ಸುಮ್ಮನಾಗುವ ಹೆಂಗಸರೇ ನಮ್ಮ ಕಡೆ ಹೆಚ್ಚು. ಚನ್ನಗಿರಿಯವರಿಗೆ ಅಡಿಕೆ ಕೊಯ್ಲು ಮುಗಿಯಬೇಕು, ಜಗಳೂರಿನವರಿಗೆ ಮೆಕ್ಕೆಜೋಳ ಮನೆಗೆ ಬರಬೇಕು, ಹೊನ್ನಾಳಿಯವರಿಗೆ ಮಕ್ಕಳ ಪರೀಕ್ಷೆ ಆಗಬೇಕು! ಅದಕ್ಕೇ ಸೋದರಿಯರೇ, ಈ ಸಲ ಅಡಿಗೆ ಬದಿಗಿಟ್ಟು ಇದನ್ನೇ ಬರೆಯುತ್ತಿದ್ದೇನೆ.

2025ರ ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದು ನೆನಪಿರಬೇಕು. ಹಾಗೆ ಗಾಬರಿಬಿದ್ದು ಎಲ್ಲರೂ ಮಾಡಿಸಬೇಕಾದ ಸ್ಕ್ಯಾನ್ ಇದಲ್ಲ. ನಡೆದಾಗ ಎದೆ ಬಿಗಿದು, ಕಾರಣ ಇ.ಸಿ.ಜಿ.ಯಲ್ಲಿ ಸ್ಪಷ್ಟವಾಗದಿದ್ದರೆ ಡಾಕ್ಟರು ಇದನ್ನು ಹೇಳುತ್ತಾರೆ. ನ್ಯಾಮತಿಯ ನನ್ನ ನಾದಿನಿಗೆ ನೀರಿನ ಕೊಡ ಎತ್ತಿದರೆ ದವಡೆ ನೋವು, ಸುಸ್ತು. "ಗ್ಯಾಸು ಅತ್ತಿಗೆ" ಅಂತ ಆರು ತಿಂಗಳು ಜೀರಿಗೆ ಕಷಾಯ ಕುಡಿದಳು. ಹೆಂಗಸರಿಗೆ ಹೃದಯದ ನೋವು ಹೀಗೆ ವೇಷ ಹಾಕಿಕೊಂಡೂ ಬರುತ್ತೆ.

ದಾವಣಗೆರೆಯಲ್ಲಿ ಅವಳ ಜೊತೆ ನಾನೂ ಇದ್ದೆ. ಮೊದಲು ಮೂತ್ರಪಿಂಡ ಸರಿ ಇದೆಯೇ ಎಂದು ರಕ್ತ ಪರೀಕ್ಷೆ. ಅಂದು ಕಾಫಿ, ಟೀ ಬೇಡ. ಓಡುವ ಮಗುವಿನ ಫೋಟೋ ಕಲಸಿಹೋಗುವಂತೆ, ಬೇಗ ಬಡಿಯುವ ಹೃದಯದ ಚಿತ್ರವೂ ಕಲಸುತ್ತೆ. ಆದ್ದರಿಂದ ಮಾತ್ರೆ ಕೊಟ್ಟು ನಾಡಿಯನ್ನು ನಿಮಿಷಕ್ಕೆ 60ರ ಹತ್ತಿರ ತರುತ್ತಾರೆ. ನಾಳ ಹಿಗ್ಗಲು ನಾಲಿಗೆ ಕೆಳಗೆ ಒಂದು ಔಷಧ. ಸ್ವಲ್ಪ ತಲೆನೋವು ಬರಬಹುದು. ಕೈನರಕ್ಕೆ ಅಯೋಡಿನ್ ಇರುವ ದ್ರವ ಹಾಕಿದಾಗ ಮೈಯೆಲ್ಲಾ ಬಿಸಿಯಾಗಿ, ಮೂತ್ರ ಹೋಯಿತೇನೋ ಅನ್ನಿಸುತ್ತೆ. ಹೋಗಿರುವುದಿಲ್ಲ, ನಾಚಿಕೆ ಬೇಡ! ಉಸಿರು ಹಿಡಿಯುವುದು ಹತ್ತು ಸೆಕೆಂಡಿನಷ್ಟು, ಅಷ್ಟೆ. ಗರ್ಭಿಣಿಯಾಗಿದ್ದರೆ, ಹಿಂದೆ ಇಂಥ ದ್ರವಕ್ಕೆ ಅಲರ್ಜಿ ಆಗಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಮೊದಲೇ ಹೇಳಿಬಿಡಿ.

ಇನ್ನು ರಿಪೋರ್ಟು. ಅದರಲ್ಲಿ ಎರಡು ಲೆಕ್ಕ. ಒಂದು ಕ್ಯಾಲ್ಸಿಯಂ ಅಂಕ, ಅಂದರೆ ನಾಳದ ಗೋಡೆಯಲ್ಲಿ ಕೂತ ಸುಣ್ಣದ ಲೆಕ್ಕ. ಸೊನ್ನೆ ಇದ್ದರೆ ಒಳ್ಳೆಯದು, 400 ದಾಟಿದರೆ ಬಹಳ. ನಾದಿನಿಯದು 120. "ನೂರಕ್ಕೆ ನೂರಿಪ್ಪತ್ತು ಬ್ಲಾಕಾ?" ಅಂತ ಅವಳ ಗಂಡ ಅಲ್ಲೇ ಕುಸಿದು ಕೂತರು! ಪಾಪ, ಅದು ಶೇಕಡಾ ಅಲ್ಲವೇ ಅಲ್ಲ. ಶೇಕಡಾ ಇರುವುದು ಎರಡನೆಯ ಲೆಕ್ಕದಲ್ಲಿ, ನಾಳ ಎಷ್ಟು ಕಿರಿದಾಗಿದೆ ಎಂಬುದರಲ್ಲಿ. 50ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮಾತ್ರೆ, ಪಥ್ಯ, ನಡಿಗೆ. 70 ಮುಟ್ಟಿದರೆ ತೀವ್ರ. ಆಗ ಕೈ ಇಲ್ಲವೆ ತೊಡೆಯ ನಾಳದಿಂದ ಮಾಡುವ ಆಂಜಿಯೋಗ್ರಾಮ್ ಬೇಕಾಗಬಹುದು. ಸುಣ್ಣ ಜಾಸ್ತಿ ಇದ್ದರೆ ಅದರ ಹೊಳಪಿಗೆ ನಾಳ ಇರುವುದಕ್ಕಿಂತ ಕಿರಿದಾಗಿ ಕಾಣುವುದೂ ಉಂಟು. ಅದಕ್ಕೇ ನೆರೆಮನೆಯವರಿಂದ ರಿಪೋರ್ಟು ಓದಿಸಬೇಡಿ, ಹೃದಯದ ಡಾಕ್ಟರಿಗೇ ತೋರಿಸಿ. ನಾದಿನಿಗೆ ಇದ್ದದ್ದು 40. ಸ್ಟೆಂಟ್ ಬೇಡ, ಕೊಬ್ಬಿನ ಮಾತ್ರೆ ಬಿಡಬೇಡಿ ಅಂದರು.

ಒಂದು ಮಾತು. ಎದೆ ನೋವು ಬೆವರಿನ ಜೊತೆ ಒಮ್ಮೆಲೇ ಬಂದರೆ ಸ್ಕ್ಯಾನ್ ಹುಡುಕಿಕೊಂಡು ದಾವಣಗೆರೆ ಬಸ್ ಹತ್ತಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೆ ತಾಲ್ಲೂಕು ಆಸ್ಪತ್ರೆಗೆ ಓಡಿ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಅಗತ್ಯ ಕಂಡರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ಏರ್ಪಾಡಿದೆ.

ಸ್ಕ್ಯಾನ್ ಮಾಡಿಸಿದವರು ರಿಪೋರ್ಟಿನ ಜೊತೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಮುಂದೆ ಬೇರೆ ಊರಿನ ಡಾಕ್ಟರು ನೋಡಬೇಕೆಂದರೆ ಅದೇ ಬೇಕಾಗುತ್ತೆ.