ಅಟ್ಟದ ಅಣಬೆಯೂ ಬೇಸಗೆಯ ತಾಪವೂ

ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಎರೆಭೂಮಿಯು ಬಿಳಿಜೋಳ, ಗೋಧಿ, ಕಡಲೆ, ಹತ್ತಿಗಳಿಗೆ ಹೆಸರಾದುದು. ಹಿಂಗಾರಿಯ ಗೋಧಿಯನ್ನು ಒಕ್ಕಿದ ತರುವಾಯ ಉಳಿಯುವ ಹೊಟ್ಟಿನಲ್ಲಿ ಚಿಪ್ಪಣಬೆಯನ್ನು ಬೆಳೆಯಬಹುದೆಂಬುದು ಈಗ ಅನೇಕರಿಗೆ ತಿಳಿದ ವಿಷಯವೇ ಆಗಿದೆ. ಹೊಲವಿಲ್ಲದವರಿಗೂ ಮನೆ ಬಿಟ್ಟು ಹೊರಗೆ ದುಡಿಯಲಾರದ ಹೆಣ್ಣುಮಕ್ಕಳಿಗೂ ಇದು ಒಪ್ಪುವ ಉದ್ಯೋಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆಳಗೆ ಸ್ಥಳವಿಲ್ಲವೆಂದು ಅಟ್ಟವನ್ನೋ ಮಾಳಿಗೆಯ ಮೇಲಿನ ತಗಡಿನ ಕೋಣೆಯನ್ನೋ ಇದಕ್ಕೆ ಬಿಟ್ಟುಕೊಡುವ ರೂಢಿಯನ್ನು ಮಾತ್ರ ಸ್ವಲ್ಪ ವಿಚಾರಿಸಿ ನೋಡತಕ್ಕದ್ದಾಗಿದೆ. ಸಂಘದಿಂದ ಸಾಲ ತಂದು ಬೀಜ ಕೊಂಡವರ ಚೀಲಗಳು ಚೈತ್ರ ವೈಶಾಖಗಳ ಒಂದು ವಾರದ ಬಿಸಿಲಿಗೆ ಸತ್ತುಹೋದರೆ, ಬೆಳೆಯು ಹೋದರೂ ಸಾಲವು ಉಳಿಯುವುದು.

ಚಿಪ್ಪಣಬೆಗೆ 20ರಿಂದ 30 ಡಿಗ್ರಿ ಸೆಂಟಿಗ್ರೇಡಿನ ಉಷ್ಣವೂ, ನೂರಕ್ಕೆ 80ರಿಂದ 90ರಷ್ಟು ಗಾಳಿಯ ತೇವವೂ ಬೇಕು. ಈ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳ ಮಧ್ಯಾಹ್ನ ನೆರಳಿನಲ್ಲಿಯೇ ಉಷ್ಣವು 40 ಡಿಗ್ರಿಯ ಹತ್ತಿರ ನಿಲ್ಲುವುದುಂಟು. ಬಿಸಿಲಿಗೆ ಕಾದ ತಗಡು 60 ಡಿಗ್ರಿಯನ್ನು ಮುಟ್ಟಬಲ್ಲುದು. ಆ ತಾಪವೆಲ್ಲ ಕೆಳಗಿನ ಚೀಲಗಳ ಮೇಲೆ ಸುರಿಯುವುದು. ಇದಲ್ಲದೆ ಬಿಳಿ ನೂಲು ಹಬ್ಬುವಾಗ ಹೊಟ್ಟು ತಾನಾಗಿಯೇ ಬಿಸಿಯೇರುವುದರಿಂದ ಚೀಲದ ಒಳಗು ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚು ಕಾದಿರುವುದು. ಕೋಣೆಯ ಗೋಡೆಗೆ ತೂಗುಹಾಕಿದ ಉಷ್ಣಮಾಪಕವು 35 ತೋರಿಸಿದರೆ ಚೀಲದ ಒಳಗೆ ಅದಕ್ಕಿಂತ ಹೆಚ್ಚೆಂದೇ ತಿಳಿಯತಕ್ಕದ್ದು.

ನಮ್ಮ ಹಿರಿಯರು ಈ ತಾಪವನ್ನು ಅರಿಯದವರಲ್ಲ. ಜಂತಿಗಳ ಮೇಲೆ ದಪ್ಪನಾಗಿ ಮಣ್ಣು ಹಾಸಿದ ಮಾಳಿಗೆಯು ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿ, ರಾತ್ರಿ ಹೊರಗೆ ಬಿಡುವುದು. ಧಾನ್ಯಕ್ಕಂತೂ ಅವರು ಅಟ್ಟವನ್ನೇ ನಂಬದೆ ನೆಲದೊಳಗೆ ಹಗೇವು ತೋಡಿದರು. ಇಂದು ಮಣ್ಣಿನ ಮಾಳಿಗೆಯನ್ನು ಕಿತ್ತು ತಗಡನ್ನು ಹೊದಿಸಿ, ಅದರ ಕೆಳಗೆ ತಂಪು ಬೇಡುವ ಬೆಳೆಯನ್ನಿಡುವುದು ವಿಪರೀತ ಕ್ರಮವೆಂದೇ ಹೇಳಬೇಕಾಗುವುದು. ಆದುದರಿಂದ ಮೊದಲನೆಯ ಮಾತು ಇದು: ಬಡಗಣ ಮಗ್ಗುಲಲ್ಲಿ ನೆಲದ ಕೋಣೆಯೊಂದು ದೊರೆಯುವಂತಿದ್ದರೆ ಅಟ್ಟದ ಆಸೆಯನ್ನು ಬಿಡುವುದೇ ಲೇಸು.

ಅಟ್ಟವೇ ಗತಿಯಾದವರು ಈ ಕ್ರಮವನ್ನು ಅನುಸರಿಸಬಹುದು.

1. ತಾಪವನ್ನು ಒಳಗೆ ಬಂದ ಮೇಲೆ ತಣಿಸುವುದಕ್ಕಿಂತ ಬಾರದಂತೆ ತಡೆಯುವುದು ಸುಲಭವೂ ಅಗ್ಗವೂ ಆದುದು. ತಗಡಿಗೆ ಅಥವಾ ಗಾರೆಯ ಮಾಳಿಗೆಗೆ ಮೇಲ್ಭಾಗದಲ್ಲಿ ಸುಣ್ಣವನ್ನು ಎರಡು ಮೂರು ಸಲ ಬಳಿದರೆ ಬಿಸಿಲಿನ ಬಹುಭಾಗವು ಹಿಂದಿರುಗಿ ಹೋಗುವುದು. ಧೂಳು ಕುಳಿತಂತೆಲ್ಲ ಅದರ ಗುಣವು ತಗ್ಗುವುದರಿಂದ ವರ್ಷವರ್ಷವೂ ಬೇಸಗೆಗೆ ಮುಂಚೆ ಬಳಿಯತಕ್ಕದ್ದು.

2. ತಗಡಿನ ಕೆಳಗೆ ಒಂದು ಮೊಳದಷ್ಟು ಅಂತರ ಬಿಟ್ಟು ಜೋಳದ ಕಣಿಕೆಯ ತಡಿಕೆಯನ್ನು ಕಟ್ಟಬೇಕು. ನಡುವಣ ಕಾದ ಗಾಳಿ ಹೊರಹೋಗಲು ಎರಡು ತುದಿಗಳಲ್ಲಿಯೂ ದಾರಿಯಿರಬೇಕು. ಕಣಿಕೆಯು ಬೆಂಕಿಗೆ ಬೇಗ ತುತ್ತಾಗುವುದರಿಂದ ಒಲೆಯ ಹೊಗೆಗೂಡಿನ ಹತ್ತಿರವೂ ವಿದ್ಯುತ್ತಿನ ತಂತಿಯ ಹತ್ತಿರವೂ ಅದು ಸಲ್ಲದು.

3. ರಾತ್ರಿ ಕಿಟಕಿ ಬೆಳಕಿಂಡಿಗಳನ್ನೆಲ್ಲ ತೆರೆದಿಟ್ಟು, ಹೊತ್ತೇರುವ ಮೊದಲೇ ಮುಚ್ಚತಕ್ಕದ್ದು. ಹಗಲಿನಲ್ಲಿ ಗಾಳಿ ಬರುವ ದಿಕ್ಕಿನ ಕಿಟಕಿಯೊಂದಕ್ಕೆ ಒದ್ದೆ ಗೋಣಿತಟ್ಟನ್ನು ಇಳಿಬಿಟ್ಟು, ಎದುರು ಮಗ್ಗುಲಲ್ಲಿ ಮೇಲಿನ ಒಂದು ಕಿಂಡಿಯನ್ನು ಮಾತ್ರ ತೆರೆದಿಡಬೇಕು. ಗಾಳಿಯು ಹಾಯದಿದ್ದರೆ ಗೋಣಿಯು ಬರಿದೆ ಒದ್ದೆಯಾಗಿರುವುದೇ ಹೊರತು ತಂಪನ್ನು ಕೊಡಲಾರದು. ಕಿಂಡಿಗಳಿಗೆಲ್ಲ ನೊಣ ನುಸುಳದ ಸಣ್ಣ ಬಲೆಯನ್ನು ಕಟ್ಟುವುದು ಅವಶ್ಯ.

ಈ ಗೋಣಿಯ ಉಪಾಯಕ್ಕೂ ಒಂದು ಮಿತಿಯುಂಟು. ಗಾಳಿಯ ಉಷ್ಣ 40 ಡಿಗ್ರಿಯೂ ತೇವ ನೂರಕ್ಕೆ 20ರಷ್ಟೂ ಇರುವಾಗ, ನೀರು ಆರುವುದರಿಂದ ಸುಮಾರು 22 ಡಿಗ್ರಿಯವರೆಗೆ ಇಳಿಯಬಹುದೆಂಬುದು ಲೆಕ್ಕ. ಗೋಣಿಯಿಂದ ಅದರ ಅರ್ಧ ಹಾದಿ ಸಾಗಿದರೂ ಲಾಭವೇ. ಆದರೆ ಮುಂಗಾರು ಸಮೀಪಿಸಿ ಗಾಳಿಯು 34 ಡಿಗ್ರಿಯೂ ತೇವವು ನೂರಕ್ಕೆ 60ರಷ್ಟೂ ಆದರೆ, ಎಷ್ಟು ನೀರು ಚಿಮುಕಿಸಿದರೂ 27 ಡಿಗ್ರಿಗಿಂತ ಕೆಳಗೆ ಹೋಗುವಂತಿಲ್ಲ. ಆ ಕಾಲದಲ್ಲಿ ನೀರಿಗಿಂತ ಗಾಳಿಯನ್ನೇ ನಂಬಬೇಕು. ಉಪ್ಪುನೀರಿನ ಬಾವಿಗಳುಳ್ಳ ಊರುಗಳಲ್ಲಿ ಆ ನೀರನ್ನು ಗೋಣಿಗೆ ಬಳಸಬಹುದಾದರೂ ಉಪ್ಪು ಕಟ್ಟಿದ ಗೋಣಿಯನ್ನು ಆಗಾಗ ತೊಳೆಯಬೇಕು. ಅಣಬೆಗೆ ಮಾತ್ರ ಸಿಹಿನೀರನ್ನೇ ಚಿಮುಕಿಸತಕ್ಕದ್ದು.

ಅಣಬೆಯು ಮೂಡುವಾಗ ಹೊಸ ಗಾಳಿಯೂ ಬೇಕು. ತಂಪು ಹೋದೀತೆಂದು ಕೋಣೆಯನ್ನು ಬಿಗಿಯಾಗಿ ಮುಚ್ಚಿದರೆ ದಂಟು ಉದ್ದವಾಗಿ ಕೊಡೆಯು ಕಿರಿದಾಗುವುದು. ನೂಲು ಹಬ್ಬುವ ಎರಡು ಮೂರು ವಾರ ಮುಚ್ಚಿಟ್ಟ ಕೋಣೆಯು ಸಾಕಾದರೂ, ಆ ಮೇಲೆ ಬೆಳಗು ಬೈಗು ಗಾಳಿಯಾಡಿಸಲೇಬೇಕು.

ಇನ್ನು ಮನೆಯ ಹಿತವನ್ನೂ ಮರೆಯಲಾಗದು. ಮಣ್ಣಿನ ಮಾಳಿಗೆಯ ಮೇಲೆ ತಂಪಿಗೆಂದು ನೀರು ಸುರಿಯುವುದು ಸರ್ವಥಾ ಕೂಡದು. ನೆನೆದ ಮಣ್ಣಿನ ಭಾರಕ್ಕೆ ಹಳೆಯ ಜಂತಿಯು ಮುರಿದರೆ ಪ್ರಾಣಾಪಾಯವುಂಟು. ಅಟ್ಟದಲ್ಲಿ ಜೋಳ ಕಡಲೆಗಳ ಚೀಲಗಳಿದ್ದರೆ ಅಣಬೆಗೆ ಹಿತವಾದ ತೇವವೇ ಅವುಗಳಿಗೆ ಬೂಷ್ಟನ್ನು ತರುವುದು. ಎರಡನ್ನೂ ಒಂದೆಡೆ ಇಡತಕ್ಕದ್ದಲ್ಲ. ಬಲಿತ ಅಣಬೆಯಿಂದ ಉದುರುವ ಸೂಕ್ಷ್ಮ ಧೂಳು ಕೆಲವರಿಗೆ ಕೆಮ್ಮು ಉಬ್ಬಸಗಳನ್ನು ಉಂಟುಮಾಡುವುದರಿಂದ, ಕೊಡೆಯ ಅಂಚು ಮುದುಡುವ ಮುಂಚೆಯೇ ಕೊಯ್ಯುವುದೂ, ಆ ಕೋಣೆಯಲ್ಲಿ ಮಕ್ಕಳನ್ನು ಮಲಗಿಸದಿರುವುದೂ ಒಳ್ಳೆಯದು.

ಇಷ್ಟೆಲ್ಲ ಮಾಡಿಯೂ ತಾಪವು ಇಳಿಯದಿದ್ದರೆ ಮಾಡುವುದೇನು? ಬೆಳೆಯನ್ನು ಬದಲಿಸುವುದು ಒಂದು ದಾರಿ. ಬಂಗಾಳದಲ್ಲಿ 1974ರಲ್ಲಿ ಗುರುತಿಸಲ್ಪಟ್ಟ ಹಾಲಣಬೆಯು 30ರಿಂದ 35 ಡಿಗ್ರಿಯ ಉಷ್ಣವನ್ನು ಬಯಸುವುದು. ಅದಕ್ಕೆ ನೂಲು ಹಬ್ಬಿದ ಮೇಲೆ ಚೀಲದ ಬಾಯಿಗೆ ಹದಮಾಡಿದ ಮಣ್ಣನ್ನು ಹರಡುವ ಕೆಲಸವು ಹೆಚ್ಚು. ತೇವವಂತೂ ಅದಕ್ಕೂ ಬೇಕು. ಕುಡಿಯುವ ನೀರಿಗೇ ಕೊರತೆ ಬೀಳುವ ಊರುಗಳಲ್ಲಿ ಮಾರ್ಚಿಯಿಂದ ಮೇ ತಿಂಗಳ ಕೊನೆಯವರೆಗೆ ಬೇಸಾಯವನ್ನೇ ನಿಲ್ಲಿಸುವುದು ಎರಡನೆಯ ದಾರಿ. ಹೊಲವು ಬೇಸಗೆಯಲ್ಲಿ ಬಿಡುವು ಪಡೆಯುವುದನ್ನು ಯಾರೂ ಸೋಲೆಂದು ಎಣಿಸುವುದಿಲ್ಲ. ಕೋಣೆಯ ಬಿಡುವನ್ನೂ ಹಾಗೆಯೇ ಎಣಿಸತಕ್ಕದ್ದು.

ಅಣಬೆಯ ಬೇಸಾಯಕ್ಕೆ ನೆರವು ಕೊಡುವವರೂ ತರಬೇತು ನಡೆಸುವವರೂ ಬೀಜ ಚೀಲಗಳ ಲೆಕ್ಕದೊಡನೆ ಸೂರಿನ ಲೆಕ್ಕವನ್ನೂ ಕೇಳುವುದು ಯುಕ್ತ. ಸುಣ್ಣಕ್ಕೂ ತಡಿಕೆಗೂ ಒಂದು ಉಷ್ಣಮಾಪಕಕ್ಕೂ ಬೇಕಾಗುವ ಹಣವು ಅಲ್ಪ. ಅದನ್ನು ಮೊದಲು ಕೊಟ್ಟರೆ ಸಾಲವು ಮುಳುಗುವ ಭಯವು ತಗ್ಗುವುದು. ಬೆಳೆಗಾರರು ಸಹ ಬೀಜಕ್ಕೆ ಹಣ ಕೊಡುವುದಕ್ಕೆ ಮುಂಚೆ ಬರಿಯ ಕೋಣೆಯಲ್ಲಿ ಒಂದು ವಾರ, ಮಧ್ಯಾಹ್ನ ಮೂರು ಗಂಟೆಯ ಉಷ್ಣವನ್ನು ದಿನವೂ ಬರೆದಿಡಬೇಕು. ಅದು 30 ಡಿಗ್ರಿಯನ್ನು ಮೀರುತ್ತಲೇ ಇದ್ದರೆ ಆ ಕೋಣೆಯು ಚಿಪ್ಪಣಬೆಗೆ ಇನ್ನೂ ಸಿದ್ಧವಾಗಿಲ್ಲವೆಂದರ್ಥ. ಹೊಲವನ್ನು ಹದಮಾಡದೆ ಬಿತ್ತುವ ರೈತನಿಲ್ಲ. ಕೋಣೆಯನ್ನು ಹದಮಾಡದೆ ಬಿತ್ತುವುದೂ ನಿಲ್ಲಲಿ.