ಯಾರೂ ನಂಬದ ಕುದುರೆ

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಯಾರೂ ನಂಬದ ಕುದುರೆಯನ್ನು ನಂಬಿ, ಅದರಿಂದ ಬಂದ ಹಣವನ್ನು ಮತ್ತೊಬ್ಬರ ಆಟಕ್ಕೆ ಸುರಿದವರು ಕೆನಡಾದ ಕಾನ್ ಸ್ಮೈತ್.

1895ರಲ್ಲಿ ಟೊರಾಂಟೊ ನಗರದಲ್ಲಿ ಜನಿಸಿದ ಸ್ಮೈತ್, ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿದ್ದಾಗ ಐಸ್ ಹಾಕಿ ತಂಡದ ನಾಯಕರಾಗಿದ್ದರು. ಉಕ್ಕಿನ ಅಲಗುಳ್ಳ ಪಾದರಕ್ಷೆ ತೊಟ್ಟು ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಈ ಆಟವೆಂದರೆ ಕೆನಡಾದ ಜನರಿಗೆ ಪ್ರಾಣ. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. 1917ರಲ್ಲಿ ಅವರಿದ್ದ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದರು. ಹದಿನಾಲ್ಕು ತಿಂಗಳು ಅವರು ಜರ್ಮನರ ಸೆರೆಯಾಳು.

ಊರಿಗೆ ಹಿಂದಿರುಗಿ ಮರಳು, ಜಲ್ಲಿಗಳ ವ್ಯಾಪಾರ ಹೂಡಿದರು. 1927ರಲ್ಲಿ ಹಲವರ ಪಾಲು ಕೂಡಿಸಿ ಟೊರಾಂಟೊ ತಂಡವನ್ನು ಕೊಂಡು, ಅದಕ್ಕೆ ‘ಮೇಪಲ್ ಲೀಫ್ಸ್’ ಎಂದು ಹೆಸರಿಟ್ಟರು. ಕುದುರೆ ಸಾಕುವ ಹವ್ಯಾಸವೂ ಜೊತೆಗಿತ್ತು.

1930ರಲ್ಲಿ ಒಟ್ಟಾವ ತಂಡ ಹಣದ ಮುಗ್ಗಟ್ಟಿಗೆ ಸಿಕ್ಕಿ, ತನ್ನ ಶ್ರೇಷ್ಠ ಆಟಗಾರ ಕಿಂಗ್ ಕ್ಲಾನ್ಸಿಯವರನ್ನು ಬಿಟ್ಟುಕೊಡಲು ಮುಂದಾಯಿತು. ಬೆಲೆ 35,000 ಡಾಲರು. ಅದರ ಮೇಲೆ ಇಬ್ಬರು ಆಟಗಾರರು. ಸ್ಮೈತರ ಸಂಸ್ಥೆಗೆ ಅದು ಶಕ್ತಿಮೀರಿದ ಬೆಲೆ. ಅದೇ ವರ್ಷ ಅವರ ಹೆಣ್ಣುಕುದುರೆ ‘ರೇರ್ ಜ್ಯುವೆಲ್’ ಟೊರಾಂಟೊದ ವುಡ್‌ಬೈನ್ ಮೈದಾನದಲ್ಲಿ ಓಡಿತು. ಹೆಸರಿಗೆ ಅಪೂರ್ವ ರತ್ನ; ಅದರ ಮೇಲಿನ ಬಾಜಿಯ ದರವೋ ಒಂದಕ್ಕೆ ನೂರಕ್ಕೂ ಮಿಗಿಲು! ಸ್ಮೈತ್ ಮಾತ್ರ ಹಣ ಕಟ್ಟಿದರು. ರತ್ನ ಗೆದ್ದಿತು, ಆ ಹಣದ ನೆರವಿನಿಂದ ಕ್ಲಾನ್ಸಿ ಟೊರಾಂಟೊಕ್ಕೆ ಬಂದರು.

ಕುದುರೆ ಸೋತಿದ್ದರೆ? ಲೋಕ ಅವರನ್ನು ಅವಿವೇಕಿಯೆಂದು ನಗುತ್ತಿತ್ತು. ಆ ನಗುವಿನಲ್ಲಿ ತಪ್ಪೂ ಇರುತ್ತಿರಲಿಲ್ಲ. ಜೂಜನ್ನು ಫಲದಿಂದ ಅಳೆಯುವುದು ಸಲ್ಲದು. ಆದರೆ ಮುಂದೆ ಅವರು ಕಟ್ಟಿದ್ದು ಅದೃಷ್ಟದ ಬಲದಿಂದಲ್ಲ. ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ 1931ರಲ್ಲಿ, ಕೆಲವೇ ತಿಂಗಳಲ್ಲಿ ‘ಮೇಪಲ್ ಲೀಫ್ ಗಾರ್ಡನ್ಸ್’ ಎಂಬ ಭವ್ಯ ಕ್ರೀಡಾಭವನ ಎದ್ದು ನಿಂತಿತು. ದುಡಿದ ಕಾರ್ಮಿಕರು ಕೂಲಿಯ ಒಂದು ಭಾಗವನ್ನು ಕಂಪೆನಿಯ ಷೇರುಗಳಾಗಿ ಪಡೆಯಲು ಒಪ್ಪಿದ್ದರು. ದಿನಗೂಲಿಯವರು ಇಟ್ಟ ಆ ನಂಬಿಕೆ ಕುದುರೆಯ ಮೇಲೆ ಕಟ್ಟಿದ ಹಣಕ್ಕಿಂತ ದೊಡ್ಡದು. ಮರುವರ್ಷವೇ ತಂಡಕ್ಕೆ ಸ್ಟ್ಯಾನ್ಲಿ ಕಪ್ ದೊರೆಯಿತು.

ಎರಡನೆಯ ಮಹಾಯುದ್ಧಕ್ಕೂ ಹೋಗಿ, 1944ರಲ್ಲಿ ತೀವ್ರವಾಗಿ ಗಾಯಗೊಂಡು ಮರಳಿದ ಸ್ಮೈತ್ ಕುದುರೆಗಳನ್ನು ಬಿಡಲಿಲ್ಲ. 1958ರಲ್ಲಿಯೂ 1967ರಲ್ಲಿಯೂ ಅವರ ಕುದುರೆಗಳು ಕೆನಡಾದ ಪ್ರತಿಷ್ಠಿತ ಕ್ವೀನ್ಸ್ ಪ್ಲೇಟ್ ಪಂದ್ಯವನ್ನು ಗೆದ್ದವು. 1980ರಲ್ಲಿ ಅವರು ನಿಧನರಾದರು. ಕುದುರೆ ತಂದುಕೊಟ್ಟ ಕ್ಲಾನ್ಸಿ, 1986ರಲ್ಲಿ ಕೊನೆಯುಸಿರೆಳೆದಾಗಲೂ ಅದೇ ತಂಡದ ಸೇವೆಯಲ್ಲಿದ್ದರು.