ಇಂಟರ್ನ್‌ಶಿಪ್: ಸರ್ಟಿಫಿಕೇಟು ಸಿಕ್ಕಿದರೆ ಸಾಕೇ?

ಪರೀಕ್ಷೆಗಳು ಮುಗಿಯುತ್ತಿದ್ದಂತೆ ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಈಗ ಹೊಸದೊಂದು ಚಿಂತೆ ಶುರುವಾಗುತ್ತದೆ. ಹಿಂದೆ ಪರೀಕ್ಷೆ ಮುಗಿಸಿದ ಮಕ್ಕಳು ಅಜ್ಜಿಮನೆಗೆ ಹೋಗುತ್ತಿದ್ದರು. ಇಂದು ಅವರು ಇಂಟರ್ನ್‌ಶಿಪ್ ಹುಡುಕಿಕೊಂಡು ಹೊರಡುತ್ತಾರೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತರೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ: 'ಫಾದರ್, ಎಲ್ಲಿಯಾದರೂ ಒಂದು ಇಂಟರ್ನ್‌ಶಿಪ್ ಮಾಡಿಸಿಕೊಡಿ. ಕೆಲಸ ಏನಾದರೂ ಆಗಲಿ, ಕೊನೆಗೆ ಒಂದು ಲೆಟರ್ ಸಿಕ್ಕಿದರೆ ಸಾಕು.'

ಈ ಕೊನೆಯ ವಾಕ್ಯವೇ ನಮ್ಮನ್ನು ಯೋಚನೆಗೆ ಹಚ್ಚಿದೆ. ಕೆಲಸ ಏನಾದರೂ ಆಗಲಿ ಎನ್ನುವುದಾದರೆ ಆ ಮಗು ಕಲಿಯುವುದಾದರೂ ಏನನ್ನು? ಅದರಲ್ಲೂ ಪರಿಸರ ಮತ್ತು ಸೌರಶಕ್ತಿಯಂತಹ ಕ್ಷೇತ್ರದಲ್ಲಿ ದುಡಿಯುವ ಕೈಗಳು ಬೇಕಾಗಿರುವ ಈ ದಿನಗಳಲ್ಲಿ, ನಮ್ಮ ಮಕ್ಕಳು ಬರೇ ಕಾಗದದ ಹಿಂದೆ ಓಡುವುದು ಸರಿಯೇ?

ಕಡ್ಡಾಯವಾದದ್ದು ಹೇಗೆ?

ಇಂಟರ್ನ್‌ಶಿಪ್ ಎಂದರೆ ಓದುತ್ತಿರುವಾಗಲೇ ಒಂದು ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಸಂಸ್ಥೆಯಲ್ಲೋ ಕೆಲವು ವಾರ ಕೆಲಸ ಮಾಡಿ ಕಲಿಯುವುದು. ನಮಗೆ ಇದು ಹೊಸತೇನಲ್ಲ. ನರ್ಸಿಂಗ್ ವಿದ್ಯಾರ್ಥಿನಿಯರು ವಾರ್ಡಿನಲ್ಲಿ ಡ್ಯೂಟಿ ಮಾಡದೆ ನರ್ಸ್ ಆಗುವುದಿಲ್ಲ. 1960ರಲ್ಲಿ ಆರಂಭವಾದ ಮಂಗಳೂರಿನ ರೋಶನಿ ನಿಲಯದಂತಹ ಸಮಾಜಕಾರ್ಯ ಕಾಲೇಜುಗಳಲ್ಲಿ ಫೀಲ್ಡ್ ವರ್ಕ್ ಎಂಬುದು ಪಾಠದಷ್ಟೇ ಮುಖ್ಯ. ಅಲ್ಲಿ ವಿದ್ಯಾರ್ಥಿಗೆ ಒಂದು ನಿರ್ದಿಷ್ಟ ಸಂಸ್ಥೆ ಇರುತ್ತದೆ, ಕೇಳಲು ಒಬ್ಬ ಮೇಲ್ವಿಚಾರಕರು ಇರುತ್ತಾರೆ, ಮಾಡಿದ ಕೆಲಸದ ವರದಿ ಬರೆಯಬೇಕಾಗುತ್ತದೆ.

ಆದರೆ ಕಳೆದ ಕೆಲವು ವರ್ಷಗಳಲ್ಲಿ ಇದು ಎಲ್ಲ ಕೋರ್ಸುಗಳಿಗೂ ಹಬ್ಬುತ್ತಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿ ಎಂಜಿನಿಯರಿಂಗ್ ಓದುವವರಿಗೆ ಇಂಟರ್ನ್‌ಶಿಪ್ ಕಡ್ಡಾಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಉಳಿದ ಪದವಿ ವಿದ್ಯಾರ್ಥಿಗಳಿಗೂ ಇಂಟರ್ನ್‌ಶಿಪ್ ಬೇಕೆಂದು ಹೇಳಿತು. ಉದ್ದೇಶ ಒಳ್ಳೆಯದೇ. ಆದರೆ ಸಾವಿರಾರು ವಿದ್ಯಾರ್ಥಿಗಳು ಒಂದೇ ತಿಂಗಳಲ್ಲಿ ಬಾಗಿಲು ತಟ್ಟಿದಾಗ ಅವರಿಗೆಲ್ಲ ಕೆಲಸ ಕಲಿಸಲು ಎಷ್ಟು ಸಂಸ್ಥೆಗಳು ತಯಾರಿವೆ ಎಂಬ ಪ್ರಶ್ನೆಗೆ ಯಾರೂ ಸರಿಯಾದ ಉತ್ತರ ಕೊಡಲಿಲ್ಲ.

ಅವಕಾಶ ಎಲ್ಲಿದೆ?

ಕೆಲಸವೇ ಇಲ್ಲ ಎನ್ನುವಂತಿಲ್ಲ. 2030ರ ಹೊತ್ತಿಗೆ ಕಲ್ಲಿದ್ದಲು, ಎಣ್ಣೆಯಂತಹ ಇಂಧನಗಳಿಲ್ಲದ 500 ಗಿಗಾವಾಟ್ ವಿದ್ಯುತ್ ಸಾಮರ್ಥ್ಯ ಸಾಧಿಸುವ ಗುರಿಯನ್ನು ಭಾರತ ಇಟ್ಟುಕೊಂಡಿದೆ. 2025ರ ಮಧ್ಯಭಾಗಕ್ಕೆ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಇಂತಹ ಮೂಲಗಳದ್ದೇ ಆಯಿತು. ನಮ್ಮ ರಾಜ್ಯದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಪಿ.ಎಂ. ಸೂರ್ಯಘರ್ ಯೋಜನೆಯನ್ನು ಪ್ರಕಟಿಸಿತು. 75,021 ಕೋಟಿ ರೂಪಾಯಿ ವೆಚ್ಚದಲ್ಲಿ 1 ಕೋಟಿ ಮನೆಗಳ ಮಾಡಿಗೆ ಸೋಲಾರ್ ಅಳವಡಿಸುವುದು ಅದರ ಗುರಿ. ಮನೆಗೆ 3 ಕಿಲೋವಾಟ್ ಹಾಕಿಸಿಕೊಂಡರೆ 78,000 ರೂಪಾಯಿ ಸಬ್ಸಿಡಿ ಎಂದು ಘೋಷಿಸಲಾಯಿತು.

ಮಾಡಿನ ಮೇಲೆ ಪ್ಯಾನೆಲ್ ಏರಿಸಿದರೆ ಕೆಲಸ ಮುಗಿಯಿತು ಎಂದು ನಾವು ತಿಳಿಯಬಾರದು. ಮೊದಲು ಮಾಡಿನ ಅಳತೆ ಆಗಬೇಕು. 1 ಕಿಲೋವಾಟ್‌ಗೆ ಸುಮಾರು 100 ಚದರ ಅಡಿ ಜಾಗ ಬೇಕು. ತೆಂಗಿನ ಮರದ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ನೋಡಬೇಕು. ನಮ್ಮ ಸಮುದ್ರದ ಉಪ್ಪುಗಾಳಿಗೆ ಕಬ್ಬಿಣದ ಚೌಕಟ್ಟು ಬೇಗ ತುಕ್ಕು ಹಿಡಿಯುವುದರಿಂದ ಅದಕ್ಕೆ ಸತುವಿನ ಲೇಪ ಸರಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡದಿಂದಾಗಿ ಉತ್ಪಾದನೆ ಇಳಿಯುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ಪ್ರಾಮಾಣಿಕವಾಗಿ ಹೇಳಬೇಕು. ಮೆಸ್ಕಾಂ ಅರ್ಜಿ, ನೆಟ್ ಮೀಟರ್, ಬ್ಯಾಂಕ್ ಸಾಲದ ಕಾಗದಪತ್ರ ಎಲ್ಲವೂ ಆಗಬೇಕು. ಇವುಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಕೆಲಸವಿದೆ, ಐ.ಟಿ.ಐ. ಹುಡುಗನಿಗೂ ಇದೆ, ಬಿ.ಕಾಂ. ಓದುವ ಹುಡುಗಿಗೂ ಇದೆ.

ಪರಿಸರದ ವಿಷಯದಲ್ಲಂತೂ ಹೇಳುವುದೇ ಬೇಡ. 2019ರ ಆಗಸ್ಟ್ ತಿಂಗಳ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ತೆಂಗು ಕಂಗಿನ ತೋಟಗಳ ಮೇಲೆ ಹರಿದು, ಅಲ್ಲಿನ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾದುದನ್ನು ನಾವು ಮರೆತಿಲ್ಲ. ಎಲ್ಲೂರಿನಲ್ಲಿ ವಿದೇಶಿ ಕಲ್ಲಿದ್ದಲು ಉರಿಸುವ 1,200 ಮೆಗಾವಾಟ್ ಸ್ಥಾವರ ಬಂದ ಮೇಲೆ, ಸ್ವಿಚ್ ಒತ್ತಿದಾಗ ಬರುವ ಕರೆಂಟಿಗೆ ಬಿಲ್ಲಿನಲ್ಲಿ ಕಾಣದ ಬೇರೆ ಬೆಲೆಯೂ ಇದೆ ಎಂಬ ಚರ್ಚೆ ನಮ್ಮ ಊರುಗಳಲ್ಲೇ ನಡೆಯಿತು. ವಾರ್ಡುವಾರು ಕಸದ ಲೆಕ್ಕ, ಬಾವಿ ನೀರಿನ ಪರೀಕ್ಷೆ, ಮಳೆನೀರು ಇಂಗಿಸುವ ಹೊಂಡಗಳ ನಕ್ಷೆ ಇವೆಲ್ಲ ವಿದ್ಯಾರ್ಥಿಗಳು ಮಾಡಬಹುದಾದ, ಊರಿಗೂ ಬೇಕಾದ ಕೆಲಸಗಳು.

ಹಾಗಾದರೆ ತೊಂದರೆ ಎಲ್ಲಿ?

ಒಂದು ಕಡೆ ಕೆಲಸ ಕಾದಿದೆ, ಇನ್ನೊಂದು ಕಡೆ ಕೆಲಸ ಕಲಿಯಬೇಕಾದವರು ಕಾದಿದ್ದಾರೆ. ಇವೆರಡರ ಮಧ್ಯೆ ಇಂದು ಒಂದು ವ್ಯಾಪಾರ ಹುಟ್ಟಿಕೊಂಡಿದೆ. ನಮ್ಮ ಪರಿಚಯದ ಒಬ್ಬ ವಿದ್ಯಾರ್ಥಿನಿ ಸೌರಶಕ್ತಿಯ ಇಂಟರ್ನ್‌ಶಿಪ್ ಎಂದು ನಂಬಿ ಫೀಸು ಕಟ್ಟಿದಳು. ಸಿಕ್ಕಿದ್ದು ಕೆಲವು ವೀಡಿಯೋಗಳು, ಒಂದು ಆನ್‌ಲೈನ್ ಪರೀಕ್ಷೆ ಮತ್ತು ಬಣ್ಣಬಣ್ಣದ ಸರ್ಟಿಫಿಕೇಟು. ಒಂದು ಪ್ಯಾನೆಲ್ಲನ್ನು ಕೈಯಲ್ಲಿ ಮುಟ್ಟಿ ನೋಡುವ ಅವಕಾಶವೂ ಅವಳಿಗೆ ಸಿಗಲಿಲ್ಲ. ಆ ಫೀಸು ಕಟ್ಟಲು ಅವಳ ತಾಯಿ ಬೀಡಿ ಕಟ್ಟಿ ಉಳಿಸಿದ ಹಣವನ್ನು ಕೊಟ್ಟಿದ್ದರು. ಕಾಲೇಜು ಆ ಸರ್ಟಿಫಿಕೇಟನ್ನು ಒಪ್ಪಿಕೊಂಡಿತು, ಅಂಕವೂ ಬಂತು. ಯಾರಿಗೂ ದೂರು ಇಲ್ಲ. ಮೋಸ ಹೋದದ್ದು ಕಲಿಕೆ ಮಾತ್ರ.

ಸಂಬಳವಿಲ್ಲದ ಇಂಟರ್ನ್‌ಶಿಪ್‌ನ ಮಾತು ಬೇರೆ. ಬೆಂಗಳೂರಿನಲ್ಲಿ ಮಾವನ ಮನೆ ಇದ್ದವರು, ತಿಂಗಳಿಗೆ ಪಿ.ಜಿ. ಬಾಡಿಗೆ ಕಟ್ಟಬಲ್ಲವರು ಅಲ್ಲಿಗೆ ಹೋಗಿ ಒಳ್ಳೆಯ ಕಂಪೆನಿಯಲ್ಲಿ ಬಿಟ್ಟಿ ದುಡಿದು ಕಲಿತು ಬರುತ್ತಾರೆ. ರಜೆಯಲ್ಲಿ ಕ್ಯಾಟರಿಂಗ್‌ಗೆ ಹೋಗಿ ಮುಂದಿನ ಸೆಮಿಸ್ಟರಿನ ಫೀಸು ಹೊಂದಿಸುವ ಹುಡುಗ ಏನು ಮಾಡಬೇಕು? ಅವನಿಗೆ ಇಂಟರ್ನ್‌ಶಿಪ್ ಎಂದರೆ ಎರಡು ನಷ್ಟ. ದುಡಿಮೆ ತಪ್ಪಿತು, ಬಸ್ಸಿನ ಖರ್ಚು ಮೇಲೆ ಬಿತ್ತು. ಕೊನೆಗೆ ಅವನೂ ಕಾಗದದ ದಾರಿಯನ್ನೇ ಹಿಡಿಯುತ್ತಾನೆ.

ಸರಕಾರದ ಯೋಜನೆಗಳು ಇಲ್ಲವೇ ಎಂದು ನೀವು ಕೇಳಬಹುದು. ಇವೆ. 2024ರ ಅಕ್ಟೋಬರಿನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ದೊಡ್ಡ ಕಂಪೆನಿಗಳಲ್ಲಿ 12 ತಿಂಗಳ ಅವಕಾಶ, ತಿಂಗಳಿಗೆ 5,000 ರೂಪಾಯಿ, ಒಮ್ಮೆ 6,000 ರೂಪಾಯಿ ಎಂದು ನಿಗದಿಯಾಯಿತು. ಆದರೆ ಪೂರ್ಣಾವಧಿ ಓದುತ್ತಿರುವವರು ಅದಕ್ಕೆ ಅರ್ಹರಲ್ಲ ಎಂಬ ನಿಯಮವನ್ನೂ ಇಟ್ಟರು. ನಗರಪಾಲಿಕೆಗಳಲ್ಲಿ ಕೆಲಸ ಕಲಿಯಲೆಂದು 2020ರಲ್ಲಿ ಬಂದ ಟ್ಯುಲಿಪ್ ಯೋಜನೆಯೂ ಪದವಿ ಮುಗಿಸಿದವರಿಗಾಗಿ ರೂಪಿಸಿದ್ದು. ಅಂದರೆ ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ್ದು ಓದುವವರಿಗೆ, ಹಣದ ನೆರವು ಇಟ್ಟಿದ್ದು ಓದು ಮುಗಿಸಿದವರಿಗೆ! ಈ ನಡುವಿನ ಕಂದಕದಲ್ಲಿ ಬೀಳುವವರು ಬಡವರ ಮಕ್ಕಳೇ.

ನಾವೇನು ಮಾಡಬಹುದು?

ಇಲ್ಲಿ ನಾವು ಸರಕಾರವನ್ನು ದೂರಿ ಸುಮ್ಮನಾದರೆ ಸಾಲದು. ನಮ್ಮ ಚರ್ಚುಗಳು, ಶಾಲೆಗಳು, ಕಾನ್ವೆಂಟುಗಳು, ಆಸ್ಪತ್ರೆಗಳು, ಹಾಸ್ಟೆಲ್‌ಗಳು ಇವುಗಳಿಗೆ ವಿಶಾಲವಾದ ಮಾಡುಗಳಿವೆ, ದೊಡ್ಡ ವಿದ್ಯುತ್ ಬಿಲ್ಲುಗಳಿವೆ, ಬಾವಿಗಳಿವೆ, ಕಸವೂ ಇದೆ. ವಿದ್ಯಾರ್ಥಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಯಾವುದು?

ಒಂದು ಸಣ್ಣ ಲೆಕ್ಕ ನೋಡೋಣ. ಒಂದು ಶಾಲೆಯಲ್ಲಿ 60 ಹಳೆಯ ಫ್ಯಾನುಗಳು ಇವೆ ಎಂದಿಟ್ಟುಕೊಳ್ಳಿ. ಹಳೆಯ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ, ಹೊಸ ಬಿ.ಎಲ್.ಡಿ.ಸಿ. ಫ್ಯಾನ್ ಸುಮಾರು 30 ವಾಟ್. ದಿನಕ್ಕೆ 6 ಗಂಟೆಯಂತೆ 200 ದಿನ ತಿರುಗಿದರೆ ವರ್ಷಕ್ಕೆ 3,240 ಯೂನಿಟ್ ಉಳಿತಾಯ. ಯೂನಿಟ್‌ಗೆ 7 ರೂಪಾಯಿ ಹಿಡಿದರೆ 22,680 ರೂಪಾಯಿ. ಕೇಳಲು ಚೆನ್ನಾಗಿದೆ. ಆದರೆ ಒಂದು ಫ್ಯಾನಿಗೆ 2,800 ರೂಪಾಯಿ ಎಂದಾದರೆ ಹಾಕಿದ ದುಡ್ಡು ಮರಳಿ ಬರಲು 7 ವರ್ಷಕ್ಕಿಂತ ಹೆಚ್ಚು ಬೇಕು. ಅದೇ, ದಿನಕ್ಕೆ 12 ಗಂಟೆಯಂತೆ 300 ದಿನ ತಿರುಗುವ ಹಾಸ್ಟೆಲಿನ ಅಥವಾ ಕಚೇರಿಯ ಫ್ಯಾನನ್ನು ಬದಲಿಸಿದರೆ ಎರಡೂವರೆ ವರ್ಷದಲ್ಲಿ ದುಡ್ಡು ವಾಪಸ್. ಹಾಗಾದರೆ ಮೊದಲು ಯಾವುದನ್ನು ಬದಲಿಸಬೇಕು? ಇದನ್ನು ಕೋಣೆ ಕೋಣೆಗೆ ಹೋಗಿ ಎಣಿಸಿ, ಗಂಟೆ ಬರೆದುಕೊಂಡು, ಬಿಲ್ಲಿನೊಂದಿಗೆ ತಾಳೆ ನೋಡಿ ಹೇಳಬಲ್ಲವರು ಬೇಕು. ಇಬ್ಬರು ವಿದ್ಯಾರ್ಥಿಗಳಿಗೆ ಇದು 4 ವಾರದ ನಿಜವಾದ ಕೆಲಸ. ಚರ್ಚು ಮತ್ತು ಶಾಲೆಗಳಿಗೆ ಸೂರ್ಯಘರ್ ಸಬ್ಸಿಡಿ ಅನ್ವಯಿಸುವುದಿಲ್ಲವಾದ್ದರಿಂದ, ಸೋಲಾರ್ ಹಾಕುವ ಮೊದಲು ಇಂತಹ ಲೆಕ್ಕ ಮಾಡುವುದು ಇನ್ನಷ್ಟು ಅಗತ್ಯ.

ಈ ದಾರಿಯಲ್ಲಿ ನಮಗೆ ಮಾದರಿಗಳೂ ಇವೆ. ಡಾ. ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿ, ಬಡವರೂ ಬ್ಯಾಂಕ್ ಸಾಲದ ಮೂಲಕ ಸೋಲಾರ್ ದೀಪ ಕೊಳ್ಳಬಹುದೆಂದು ತೋರಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಕೆಲಸದಲ್ಲಿ ಎಲ್ಲರಿಗೂ ಒಂದೇ ಅಳತೆಯ ದೀಪ ಮಾರುವುದಿಲ್ಲ. ಹೂ ಕಟ್ಟುವವಳಿಗೆ ಎಷ್ಟು ಬೆಳಕು ಬೇಕು, ತಳ್ಳುಗಾಡಿಯವನು ದಿನಕ್ಕೆ ಎಷ್ಟು ಕಂತು ಕಟ್ಟಬಲ್ಲ ಎಂದು ಅವರ ಬಳಿ ಹೋಗಿ ಕೇಳಿ ತಿಳಿಯಬೇಕಾಗುತ್ತದೆ. ಇಂತಹ ಪಾಠ ಯಾವ ವೀಡಿಯೋದಲ್ಲೂ ಸಿಗುವುದಿಲ್ಲ.

ಕೆಲವು ಎಚ್ಚರಿಕೆಗಳು

ನಮ್ಮ ಸಂಸ್ಥೆಗಳು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದಾದರೆ ಕೆಲವು ವಿಷಯಗಳಲ್ಲಿ ರಾಜಿ ಕೂಡದು. ಮೊದಲನೆಯದು, ಕೆಲಸ ಏನು ಎಂದು ಆರಂಭದಲ್ಲೇ ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಹಬ್ಬಕ್ಕೆ ತೋರಣ ಕಟ್ಟುವುದು, ಕಚೇರಿಯಲ್ಲಿ ಜೆರಾಕ್ಸ್ ಮಾಡುವುದು ಪುಣ್ಯದ ಕೆಲಸವಿರಬಹುದು, ಇಂಟರ್ನ್‌ಶಿಪ್ ಅಲ್ಲ. ಎರಡನೆಯದು, ವಿಷಯ ಬಲ್ಲವರೊಬ್ಬರು ವಾರಕ್ಕೊಮ್ಮೆಯಾದರೂ ಕುಳಿತು ನೋಡಬೇಕು. ನಮ್ಮ ಚರ್ಚುಗಳಲ್ಲಿ ನಿವೃತ್ತ ಎಂಜಿನಿಯರುಗಳು, ಗಲ್ಫಿನಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದು ಬಂದವರು ಇದ್ದಾರೆ. ಅವರ ಅನುಭವ ಇಂದು ಸುಮ್ಮನೆ ಕುಳಿತಿದೆ.

ಮೂರನೆಯದು, ಸುರಕ್ಷತೆ. ತರಬೇತಿ ಇಲ್ಲದ ಹುಡುಗರನ್ನು ಜಾರುವ ಮಾಡಿಗೆ ಹತ್ತಿಸುವುದು, ಕರೆಂಟ್ ಲೈನ್ ಮುಟ್ಟಲು ಬಿಡುವುದು ಮಹಾ ತಪ್ಪು. ಬಿಸಿಲು ಇರುವವರೆಗೆ ಪ್ಯಾನೆಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಮೈನ್ ಸ್ವಿಚ್ ಆಫ್ ಮಾಡಿದರೂ ಪ್ಯಾನೆಲ್ ಆಫ್ ಆಗುವುದಿಲ್ಲ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ನಾಲ್ಕನೆಯದು, ಊಟ ಮತ್ತು ಬಸ್ಸಿನ ಖರ್ಚನ್ನಾದರೂ ಸಂಸ್ಥೆ ಕೊಡಬೇಕು. ಇದು ದಾನವಲ್ಲ, ದುಡಿದವನ ಹಕ್ಕು. ವಿದ್ಯಾರ್ಥಿವೇತನಕ್ಕೆಂದು ನಮ್ಮ ಸಂಘಸಂಸ್ಥೆಗಳು ಪ್ರತಿವರ್ಷ ಹಣ ತೆಗೆದಿಡುತ್ತವೆ. ಅದರಲ್ಲಿ ಒಂದು ಪಾಲನ್ನು ಈ ಖರ್ಚಿಗೆ ಮೀಸಲಿಟ್ಟರೆ ಕ್ಯಾಟರಿಂಗ್‌ಗೆ ಹೋಗುವ ಹುಡುಗನೂ ಕಲಿಯಲು ಬರಬಹುದು.

4 ವಾರದಲ್ಲಿ ಯಾರೂ ಪರಿಣತರಾಗುವುದಿಲ್ಲ, ಇಂಟರ್ನ್‌ಶಿಪ್ ಮಾಡಿದ ಮಾತ್ರಕ್ಕೆ ನೌಕರಿ ಸಿಕ್ಕೇ ಸಿಗುತ್ತದೆ ಎಂದೂ ನಾವು ಹೇಳುವುದಿಲ್ಲ. ಆದರೆ ನೌಕರಿಯ ಸಂದರ್ಶನದಲ್ಲಿ 'ನೀನು ಏನು ಮಾಡಿದ್ದೀ?' ಎಂದು ಕೇಳಿದಾಗ, 'ನಮ್ಮ ಶಾಲೆಯ ಬಿಲ್ಲು ನೋಡಿ ಯಾವ ಫ್ಯಾನ್ ಮೊದಲು ಬದಲಿಸಬೇಕೆಂದು ಹೇಳಿದೆ, ಅವರು ಬದಲಿಸಿದರು' ಎನ್ನುವ ಹುಡುಗಿಗೂ ಫೈಲಿನಿಂದ ಸರ್ಟಿಫಿಕೇಟು ತೆಗೆದು ತೋರಿಸುವವಳಿಗೂ ವ್ಯತ್ಯಾಸ ಇದ್ದೇ ಇದೆ.

ಹೆತ್ತವರಿಗೂ ಒಂದು ಮಾತು. ಇಂಟರ್ನ್‌ಶಿಪ್‌ಗೆ ಫೀಸು ಕೇಳುವವರು ಬಂದರೆ ಮೂರು ಪ್ರಶ್ನೆ ಕೇಳಿ: ಕೆಲಸ ಎಲ್ಲಿ? ಕಲಿಸುವವರು ಯಾರು? ಕೊನೆಗೆ ನನ್ನ ಮಗು ಏನು ಮಾಡಿ ತೋರಿಸುತ್ತದೆ? ಉತ್ತರ ಬಾರದಿದ್ದರೆ ನಿಮ್ಮ ಹಣ ನಿಮ್ಮ ಬಳಿಯೇ ಇರಲಿ. ಕಾಲೇಜಿನವರೂ ಸರ್ಟಿಫಿಕೇಟಿನ ಜೊತೆಗೆ ವಿದ್ಯಾರ್ಥಿಯ ಕೆಲಸದ ಡೈರಿಯನ್ನೂ ಕೇಳಲು ಆರಂಭಿಸಿದರೆ ಈ ವ್ಯಾಪಾರದ ಅರ್ಧ ಅಂಗಡಿಗಳು ತಾವಾಗಿಯೇ ಮುಚ್ಚುತ್ತವೆ.

ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಲೌದಾತೋ ಸೀ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕೆಂದರು. ಆ ಪತ್ರದ ಮೇಲೆ ಸೆಮಿನಾರುಗಳು ನಮ್ಮಲ್ಲಿ ಸಾಕಷ್ಟು ನಡೆದಿವೆ, ಗಿಡಗಳನ್ನೂ ನೆಟ್ಟಿದ್ದೇವೆ. ಮುಂದಿನ ಬಾರಿ ಪಾಲನಾ ಮಂಡಳಿಯ ಸಭೆ ಸೇರುವಾಗ ಚರ್ಚಿನ ಕಳೆದ 12 ತಿಂಗಳ ವಿದ್ಯುತ್ ಬಿಲ್ಲುಗಳನ್ನು ಮೇಜಿನ ಮೇಲೆ ಇಟ್ಟು, 'ಇದನ್ನು ಓದಿ ಹೇಳಲು ನಮ್ಮ ವಾಳೆಗಳಲ್ಲಿ ಯಾವ ಮಕ್ಕಳು ಇದ್ದಾರೆ?' ಎಂದು ಗುರಿಕಾರರನ್ನು ಕೇಳೋಣ. ಹೆಸರುಗಳು ಖಂಡಿತ ಬರುತ್ತವೆ.